ಗಣಿತದ ಮೇಷ್ಟ್ರಾಗಲು ಎಷ್ಟು ಗಣಿತ ಬೇಕು?

ಪಿಯುಸಿ ಫಲಿತಾಂಶ ಪ್ರಕಟವಾದ ಕೂಡಲೇ ಮನೆಮನೆಗಳಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಸೀಟಿನ ಮಾತು ಶುರುವಾಗುತ್ತದೆ. ರ‍್ಯಾಂಕ್ ಕೈಗೆ ಎಟುಕದವರು ಬಿ.ಎಸ್ಸಿ. ಸೇರುತ್ತಾರೆ, ಬಿ.ಎಸ್ಸಿ. ಮುಗಿಸಿಯೂ ಬೇರೆ ಕೆಲಸ ಸಿಗದವರು ಬಿ.ಎಡ್. ಸೇರುತ್ತಾರೆ ಎಂಬುದು ಬಹಳ ಮಂದಿಯ ನಂಬಿಕೆ. ಹೀಗೆ ಗಣಿತ ಶಿಕ್ಷಕ ವೃತ್ತಿ ಕಟ್ಟಕಡೆಯ ಆಯ್ಕೆಯಾಗಿ ಉಳಿದುಬಿಟ್ಟಿದೆ. ವಿಚಿತ್ರವೆಂದರೆ, ಮಕ್ಕಳು ಎಸ್ಸೆಸ್ಸೆಲ್ಸಿಗೆ ಬಂದಾಗ ಇದೇ ಪೋಷಕರು ‘ಒಳ್ಳೆಯ ಲೆಕ್ಕದ ಮೇಷ್ಟ್ರು ಎಲ್ಲಿದ್ದಾರೆ?’ ಎಂದು ಊರೆಲ್ಲ ವಿಚಾರಿಸುತ್ತಾರೆ!

ಒಳ್ಳೆಯ ಲೆಕ್ಕದ ಮೇಷ್ಟ್ರು ಆಕಸ್ಮಿಕವಾಗಿ ಹುಟ್ಟುವುದಿಲ್ಲ. ಗಣಿತವನ್ನು ಪ್ರೀತಿಸುವ, ಅದನ್ನು ಕಲಿಸಲು ಬಯಸುವ ವಿದ್ಯಾರ್ಥಿ ಹದಿನೇಳು, ಹದಿನೆಂಟರ ವಯಸ್ಸಿನಲ್ಲೇ ಯೋಚಿಸಿ ದಾರಿ ಹಿಡಿಯಬೇಕಾಗುತ್ತದೆ. ಆ ಹಂತದಲ್ಲಿ ಕೋರ್ಸಿನ ಹೆಸರನ್ನಷ್ಟೇ ನೋಡಿ ಅದರ ಷರತ್ತುಗಳನ್ನು ಓದದಿದ್ದರೆ, ಬೇಕಾದ ಬಾಗಿಲು ಐದು ವರ್ಷಗಳ ನಂತರ ಮುಚ್ಚಿರುವುದು ತಿಳಿದೀತು.

ಮೂರು ದಾರಿಗಳು

ಮೊದಲನೆಯದು ಎಲ್ಲರಿಗೂ ಪರಿಚಿತವಾದ ದಾರಿ. ಮೂರು ವರ್ಷದ ಬಿ.ಎಸ್ಸಿ., ಆಮೇಲೆ ಬಿ.ಎಡ್. ಒಂದು ಕಾಲಕ್ಕೆ ಒಂದೇ ವರ್ಷದ್ದಾಗಿದ್ದ ಬಿ.ಎಡ್., ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳಿಂದಾಗಿ ಎರಡು ವರ್ಷದ್ದಾಯಿತು. ಪದವಿಯಲ್ಲಿ ಅಥವಾ ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ ಶೇ 50 ಅಂಕ ಬೇಕೆಂದು ಆ ನಿಯಮಗಳು ಹೇಳಿದವು. ವಿಜ್ಞಾನ, ಗಣಿತದಲ್ಲಿ ವಿಶೇಷ ಅಧ್ಯಯನ ಮಾಡಿದ ಎಂಜಿನಿಯರಿಂಗ್ ಪದವೀಧರರಿಗೆ ನಿಗದಿಯಾದದ್ದು ಶೇ 55. ಶಾಲೆಯಲ್ಲಿ ನಿಂತು ಪಾಠ ಮಾಡುವ ಅನುಭವಕ್ಕೆ ಎರಡು ವರ್ಷಗಳಲ್ಲಿ ಒಟ್ಟು 20 ವಾರಗಳನ್ನು ಮೀಸಲಿಡಲಾಯಿತು. ಒಟ್ಟಿನಲ್ಲಿ ಪಿಯುಸಿ ನಂತರ ಐದು ವರ್ಷದ ಓದು.

ಎರಡನೆಯದು ಪದವಿ ಮತ್ತು ಶಿಕ್ಷಕ ತರಬೇತಿ ಎರಡನ್ನೂ ಒಟ್ಟಿಗೆ ಹೆಣೆದ ನಾಲ್ಕು ವರ್ಷದ ಬಿ.ಎಸ್ಸಿ. ಬಿ.ಎಡ್. ಕರ್ನಾಟಕಕ್ಕೆ ಇದೇನೂ ಹೊಸತಲ್ಲ. ಎನ್‌ಸಿಇಆರ್‌ಟಿ 1963ರಲ್ಲಿ ಮೈಸೂರಿನಲ್ಲಿ ಸ್ಥಾಪಿಸಿದ ಪ್ರಾದೇಶಿಕ ಶಿಕ್ಷಣ ಕಾಲೇಜು (ಇಂದಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ) ಹೆಸರಾದದ್ದೇ ಈ ಕೋರ್ಸಿನಿಂದ. ಆವರಣದಲ್ಲೇ ಪ್ರಾತ್ಯಕ್ಷಿಕ ಶಾಲೆ ಇರುವುದು ಅಲ್ಲಿನ ವಿಶೇಷ. ಇದೇ ಕಲ್ಪನೆಯನ್ನು ದೇಶದಾದ್ಯಂತ ವಿಸ್ತರಿಸಲು 2021ರಲ್ಲಿ ಸಮಗ್ರ ಶಿಕ್ಷಕ ಶಿಕ್ಷಣ ಕಾರ್ಯಕ್ರಮದ ನಿಯಮಗಳು ಹೊರಬಂದವು. ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಐಟಿಇಪಿ ಎನ್ನುತ್ತಾರೆ. 2023ರಲ್ಲಿ ಇದಕ್ಕಾಗಿ ಮೊದಲ ರಾಷ್ಟ್ರೀಯ ಪ್ರವೇಶ ಪರೀಕ್ಷೆಯೂ ನಡೆಯಿತು. ಕನ್ನಡವೂ ಸೇರಿ 13 ಭಾಷೆಗಳಲ್ಲಿ ಪರೀಕ್ಷೆ ಬರೆಯಲು ಅವಕಾಶ ಕಲ್ಪಿಸಿದ್ದು ಗ್ರಾಮೀಣ ವಿದ್ಯಾರ್ಥಿಗಳ ಮಟ್ಟಿಗೆ ಗಮನಾರ್ಹ ಸಂಗತಿ. ಇಲ್ಲಿ ಒಂದು ವರ್ಷ ಉಳಿಯುತ್ತದೆ. ಆದರೆ ಶಿಕ್ಷಕರಾಗುವ ತೀರ್ಮಾನವನ್ನು ಪಿಯುಸಿ ಮುಗಿದಾಗಲೇ ಮಾಡಬೇಕು.

ಮೂರನೆಯದು ಗಣಿತದ ಆನರ್ಸ್. ಗಣಿತವನ್ನು ಅದರ ತಳದವರೆಗೂ ಓದಬೇಕೆನ್ನುವವರ ದಾರಿ ಇದು. ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯ ಮೂರು ವರ್ಷದ ಬಿ.ಮ್ಯಾತ್ (ಆನರ್ಸ್) ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿಗೆ ಪಿಯುಸಿ ಅಂಕವೊಂದೇ ಸಾಲದು, ಪ್ರವೇಶ ಪರೀಕ್ಷೆಯಲ್ಲಿ ಸರಿ ಉತ್ತರ ಗುರುತಿಸುವುದರ ಜೊತೆಗೆ ಸಾಧನೆಯನ್ನು ಪೂರ್ತಿ ಬರೆದು ತೋರಿಸುವ ಪತ್ರಿಕೆಯೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಆರಂಭಿಸಿದ ನಾಲ್ಕು ವರ್ಷದ ಪದವಿಯಲ್ಲೂ ಗಣಿತವನ್ನು ಮುಖ್ಯ ವಿಷಯವಾಗಿ ಆರಿಸಿಕೊಳ್ಳಬಹುದು.

‘ಆನರ್ಸ್’ ಎಂಬ ಪದ

ಈ ಪದ ಪೋಷಕರಲ್ಲಿ ಬಹಳ ಗೊಂದಲ ಹುಟ್ಟಿಸಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್‌ಗೆ 160 ಕ್ರೆಡಿಟ್. ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ 75ಕ್ಕೆ ಕಡಿಮೆಯಿಲ್ಲದಂತೆ ಅಂಕ ಗಳಿಸಿದವರು ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯ ಹಾದಿ ಹಿಡಿಯಬಹುದು. ಅವರ 160ರಲ್ಲಿ 12 ಕ್ರೆಡಿಟ್ ಸಂಶೋಧನಾ ಪ್ರಬಂಧಕ್ಕೆ ಸೇರಿದ್ದು.

ಕರ್ನಾಟಕದಲ್ಲಿ 2021-22ರಿಂದ ಜಾರಿಯಾಗಿದ್ದ ನಾಲ್ಕು ವರ್ಷದ ಪದವಿ ಕ್ರಮವನ್ನು ರಾಜ್ಯ ಸರ್ಕಾರ ಕೈಬಿಟ್ಟು, 2024-25ನೇ ಸಾಲಿನಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹಾಗಾಗಿ ಆನರ್ಸ್ ಎಂಬ ಒಂದೇ ಹೆಸರಿನಡಿ ಒಂದೆಡೆ ಮೂರು ವರ್ಷ, ಇನ್ನೊಂದೆಡೆ ನಾಲ್ಕು ವರ್ಷದ ಓದು ಇದೆ. ನೆನಪಿಡಬೇಕಾದ ಮಾತು ಇನ್ನೊಂದಿದೆ. ಆನರ್ಸ್ ಎಷ್ಟೇ ಉನ್ನತ ಪದವಿಯಾಗಿರಲಿ, ಅದು ಶಿಕ್ಷಕ ತರಬೇತಿಯಲ್ಲ. ಪ್ರೌಢಶಾಲೆಯಲ್ಲಿ ಪಾಠ ಹೇಳಲು ಅದರ ಮೇಲೆ ಬಿ.ಎಡ್. ಬೇಕೇ ಬೇಕು.

ಬಾಗಿಲು ಮುಚ್ಚುವ ಷರತ್ತುಗಳು

ಸರ್ಕಾರಿ ಪ್ರೌಢಶಾಲೆಯ ಗಣಿತ ಶಿಕ್ಷಕರ ಹುದ್ದೆಯನ್ನು ‘ಪಿಸಿಎಂ ಹುದ್ದೆ’ ಎಂದೇ ಕರೆಯುವುದು ರೂಢಿ. ಆ ಹೆಸರೇ ಸೂಚಿಸುವಂತೆ, ಪದವಿಯಲ್ಲಿ ಯಾವ ಯಾವ ವಿಷಯ ಓದಿದ್ದಾರೆ ಎಂಬುದರ ಮೇಲೆ ಅರ್ಹತೆ ನಿಂತಿದೆ. ಕೇಂದ್ರೀಯ ವಿದ್ಯಾಲಯ ಸಂಘಟನೆ 2022ರಲ್ಲಿ ಹೊರಡಿಸಿದ ನೇಮಕಾತಿ ಪ್ರಕಟಣೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತ್ತು. ಪದವೀಧರ ಗಣಿತ ಶಿಕ್ಷಕರಾಗಲು ಗಣಿತದೊಂದಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ವಿಜ್ಞಾನ, ಸಂಖ್ಯಾಶಾಸ್ತ್ರ ಇವುಗಳ ಪೈಕಿ ಎರಡನ್ನು ಓದಿರಬೇಕಿತ್ತು. ಗಣಿತ ಆನರ್ಸ್ ಮಾಡಿದವರಿಗೂ ಈ ಷರತ್ತಿನಿಂದ ವಿನಾಯಿತಿ ಇರಲಿಲ್ಲ. ಅಂದರೆ ಗಣಿತದ ಜೊತೆ ಅರ್ಥಶಾಸ್ತ್ರವನ್ನೋ ಸಂಗೀತವನ್ನೋ ಆರಿಸಿಕೊಂಡು ಚಿನ್ನದ ಪದಕ ಪಡೆದವರೂ ಅರ್ಜಿ ಹಾಕುವಾಗ ಹೊರಗೆ ಉಳಿಯುವ ಸಾಧ್ಯತೆ ಇತ್ತು.

ಆರರಿಂದ ಎಂಟನೆಯ ತರಗತಿಯವರೆಗೆ ಕಲಿಸುವವರಿಗೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿಯ ಎರಡನೆಯ ಪತ್ರಿಕೆ ಇದೆ. ಒಟ್ಟು 150 ಅಂಕಗಳಲ್ಲಿ ಸಾಮಾನ್ಯ ವರ್ಗದವರು ಶೇ 60, ಅಂದರೆ 90 ಅಂಕ ಪಡೆಯಬೇಕು. ಮೊದಲು ಏಳು ವರ್ಷಕ್ಕೆ ಸೀಮಿತವಾಗಿದ್ದ ಇದರ ಪ್ರಮಾಣಪತ್ರಕ್ಕೆ 2021ರಲ್ಲಿ ಜೀವಿತಾವಧಿಯ ಮಾನ್ಯತೆ ದೊರೆಯಿತು.

ಎರಡು ಮರೆವು

ಇಷ್ಟೆಲ್ಲ ಷರತ್ತುಗಳನ್ನು ಪೂರೈಸಿದರೂ ಒಂದು ಮೂಲಭೂತ ಪ್ರಶ್ನೆ ಉಳಿಯುತ್ತದೆ. ಎಂಟನೆಯ ತರಗತಿಗೆ ಭಿನ್ನರಾಶಿ ಹೇಳಿಕೊಡಲು ನೈಜ ವಿಶ್ಲೇಷಣೆ, ಅಮೂರ್ತ ಬೀಜಗಣಿತ ಯಾಕೆ ಬೇಕು?

ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ 1908ರಲ್ಲೇ ಈ ಕಂದಕವನ್ನು ಗುರುತಿಸಿದ್ದರು. ಅವರು ಕಂಡದ್ದು ಎರಡು ಮರೆವು. ವಿದ್ಯಾರ್ಥಿ ವಿಶ್ವವಿದ್ಯಾಲಯಕ್ಕೆ ಬಂದಾಗ ಶಾಲೆಯ ಗಣಿತವನ್ನು ಮರೆಯುತ್ತಾನೆ. ಶಿಕ್ಷಕನಾಗಿ ಶಾಲೆಗೆ ಹಿಂತಿರುಗಿದಾಗ ವಿಶ್ವವಿದ್ಯಾಲಯದ ಗಣಿತವನ್ನು ಮರೆಯುತ್ತಾನೆ. ಎರಡೂ ಬೇರೆ ಬೇರೆ ಲೋಕಗಳೆಂದು ಭಾವಿಸಿ, ಕೊನೆಗೆ ತನಗೆ ಮೇಷ್ಟ್ರು ಕಲಿಸಿದಂತೆಯೇ ತಾನೂ ಕಲಿಸತೊಡಗುತ್ತಾನೆ.

ಪದವಿಯ ವರ್ಷಗಳು ಹೆಚ್ಚಿದ ಮಾತ್ರಕ್ಕೆ ಈ ಕಂದಕ ಮುಚ್ಚುವುದಿಲ್ಲ. ಲಿಪಿಂಗ್ ಮಾ ಎಂಬ ಸಂಶೋಧಕಿ ಅಮೆರಿಕದ 23 ಹಾಗೂ ಚೀನಾದ 72 ಪ್ರಾಥಮಿಕ ಶಾಲಾ ಶಿಕ್ಷಕರನ್ನು ಹೋಲಿಸಿ 1999ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಒಂದೂ ಮುಕ್ಕಾಲನ್ನು ಅರ್ಧದಿಂದ ಭಾಗಿಸುವ ಲೆಕ್ಕವನ್ನು ಚೀನಾದ ಶಿಕ್ಷಕರೆಲ್ಲರೂ ಸರಿಯಾಗಿ ಮಾಡಿದರು. ಅಮೆರಿಕದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಪೂರ್ತಿ ಸರಿಯುತ್ತರ ಬರಲಿಲ್ಲ. ಅದಕ್ಕೊಂದು ಉದಾಹರಣೆ ಕೊಡಿ ಎಂದಾಗ ಹಲವರು ಅರ್ಧದಿಂದ ಭಾಗಿಸುವ ಬದಲು ಎರಡರಿಂದ ಭಾಗಿಸುವ ಕಥೆ ಹೇಳಿದರು. ಒಂದೂ ಮುಕ್ಕಾಲು ಲೀಟರ್ ಹಾಲನ್ನು ಅರ್ಧ ಲೀಟರಿನ ಅಳತೆಯಿಂದ ಅಳೆದರೆ ಮೂರೂವರೆ ಅಳತೆಯಾಗುತ್ತದೆ ಎಂಬಷ್ಟು ಸರಳ ವಿವರಣೆ ಅವರಿಗೆ ಹೊಳೆಯಲಿಲ್ಲ. ಗಮನಿಸಿ, ಹೆಚ್ಚು ವರ್ಷ ಓದಿದವರು ಅಮೆರಿಕದ ಶಿಕ್ಷಕರೇ ಆಗಿದ್ದರು.

ತಪ್ಪು ಉತ್ತರದ ಒಳಗೆ

ಒಬ್ಬ ಹುಡುಗ 1/2 ಮತ್ತು 1/3 ಕೂಡಿಸಿ 2/5 ಎಂದು ಬರೆದ ಎಂದುಕೊಳ್ಳೋಣ. ನಮ್ಮ ಶಾಲೆಗಳಲ್ಲಿ ಇದು ಅಪರೂಪದ ತಪ್ಪೇನಲ್ಲ. ಸರಿಯುತ್ತರ 5/6. ಸಾಮಾನ್ಯ ಶಿಕ್ಷಕರು ಕೆಂಪು ಶಾಯಿಯಲ್ಲಿ ತಪ್ಪು ಹಾಕಿ ಲಸಾಅ ತೆಗೆಯಲು ಹೇಳುತ್ತಾರೆ.

ತರಬೇತಿ ಪಡೆದ ಕಣ್ಣು ಆ ತಪ್ಪಿನ ಮೂಲವನ್ನು ಹುಡುಕುತ್ತದೆ. ಹುಡುಗ ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿದ್ದಾನೆ. ಕ್ರಿಕೆಟ್ ನೋಡುವ ಮಗುವಿಗೆ ಅದು ಸಹಜವೂ ಹೌದು. ಎರಡು ಎಸೆತದಲ್ಲಿ ಒಂದು ಬೌಂಡರಿ, ಮುಂದಿನ ಮೂರು ಎಸೆತದಲ್ಲಿ ಒಂದು ಬೌಂಡರಿ ಬಂದರೆ ಒಟ್ಟು ಐದು ಎಸೆತದಲ್ಲಿ ಎರಡೇ ತಾನೆ? ಹುಡುಗ ಬೇರೊಂದು ಪ್ರಶ್ನೆಗೆ ಸರಿಯಾಗಿಯೇ ಉತ್ತರಿಸಿದ್ದಾನೆ!

ಇದನ್ನು ಗ್ರಹಿಸುವುದು ಬೋಧನಾ ಶಾಸ್ತ್ರದ ಕೆಲಸ. ಆದರೆ 2/5 ಎಂಬುದು 1/2ಕ್ಕಿಂತ ಕಡಿಮೆ, ಅರ್ಧಕ್ಕೆ ಏನನ್ನಾದರೂ ಸೇರಿಸಿದರೆ ಅದು ಅರ್ಧಕ್ಕಿಂತ ಕಡಿಮೆಯಾಗದು, ಹೀಗೆ ಕೂಡಿದಾಗ ಸಿಗುವ ಭಿನ್ನರಾಶಿ ಯಾವಾಗಲೂ ಮೂಲದ ಎರಡರ ನಡುವೆಯೇ ಬೀಳುತ್ತದೆ ಎಂಬುದನ್ನು ಥಟ್ಟನೆ ಕಾಣಲು ಗಣಿತವೇ ಬೇಕು. ವಿಷಯಜ್ಞಾನ ಹಾಗೂ ಬೋಧನಾಜ್ಞಾನ ಬೆರೆತ ಈ ಮೂರನೆಯ ಬಗೆಯ ತಿಳಿವಳಿಕೆಯತ್ತ ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ 1986ರಲ್ಲಿ ವಿದ್ವಾಂಸರ ಗಮನ ಸೆಳೆದರು. ಶಿಕ್ಷಕ ಪದವಿಯ ಷರತ್ತುಗಳ ಹಿಂದಿರುವ ತರ್ಕವೂ ಇದೇ. ಆನರ್ಸ್ ಓದು ಒಂದು ಕಾಲು, ತರಗತಿಯ ಅಭ್ಯಾಸ ಇನ್ನೊಂದು ಕಾಲು. ಒಂದೇ ಕಾಲಿನಲ್ಲಿ ಬಹಳ ದೂರ ನಡೆಯಲಾಗದು.

ಸೇರುವ ಮುನ್ನ

ನಾಲ್ಕು ವರ್ಷದ ಸಂಯುಕ್ತ ಕೋರ್ಸ್ ಸೇರುವವರು ಅದರಲ್ಲಿ ಗಣಿತದ ಪತ್ರಿಕೆಗಳು ಎಷ್ಟಿವೆ, ಮುಂದೆ ಎಂ.ಎಸ್ಸಿ. ಗಣಿತಕ್ಕೆ ಅವು ಸಾಕಾಗುತ್ತವೆಯೇ ಎಂದು ಕೇಳಬೇಕು. ಆನರ್ಸ್ ಸೇರುವವರು ಜೊತೆಗೆ ಯಾವ ವಿಷಯಗಳನ್ನು ಆರಿಸಿಕೊಂಡರೆ ಶಿಕ್ಷಕರ ಹುದ್ದೆಗೆ ಅಡ್ಡಿಯಾಗದು ಎಂದು ಈಚಿನ ನೇಮಕಾತಿ ಪ್ರಕಟಣೆಗಳನ್ನು ತರಿಸಿ ನೋಡಬೇಕು. ಬಿ.ಎಡ್. ಕಾಲೇಜು ಆರಿಸುವವರು ಮಾನ್ಯತೆಯನ್ನಷ್ಟೇ ಅಲ್ಲ, 20 ವಾರಗಳ ಶಾಲಾ ಅನುಭವ ನಿಜವಾಗಿ ನಡೆಯುತ್ತದೆಯೇ, ಹಾಜರಿ ಪುಸ್ತಕದಲ್ಲಿ ಮಾತ್ರ ನಡೆಯುತ್ತದೆಯೇ ಎಂದು ಹಿಂದಿನ ವರ್ಷದ ವಿದ್ಯಾರ್ಥಿಗಳನ್ನು ವಿಚಾರಿಸುವುದು ಒಳಿತು.

ಇನ್ನು ಪೋಷಕರಿಗೆ ಒಂದು ಮಾತು. ಮಗಳೋ ಮಗನೋ ‘ಗಣಿತ ಕಲಿಸುತ್ತೇನೆ’ ಎಂದಾಗ ‘ಬೇರೇನೂ ಸಿಗದಿದ್ದರೆ ನೋಡೋಣ’ ಎನ್ನುವ ಬದಲು ಕೋರ್ಸಿನ ವಿವರಣಾ ಪುಸ್ತಕ ಹಿಡಿದು ಜೊತೆಯಲ್ಲಿ ಕುಳಿತರೆ ಅರ್ಧ ಗೊಂದಲ ಅಲ್ಲೇ ಪರಿಹಾರವಾಗುತ್ತದೆ. ಬೇರೆ ದಾರಿ ಕಾಣದೆ ಬಂದವರಿಗಿಂತ ಬಯಸಿ ಬಂದವರು ತರಗತಿಯಲ್ಲಿದ್ದರೆ, ಲೆಕ್ಕಕ್ಕೆ ಹೆದರುವ ಮಕ್ಕಳ ಸಂಖ್ಯೆಯೂ ತಾನಾಗಿ ಕಡಿಮೆಯಾದೀತು.