ಕಡಲಿಗೆ ಸರ್ವೆ ನಂಬರ್ ಇಲ್ಲ, ಅಳತೆ ಇದೆ

ಬೀದರ್ ಜಿಲ್ಲೆಯ ಬಸವಕಲ್ಯಾಣದ ಕೋಟೆಯಲ್ಲಿ ಹಳೆಯ ತೋಪುಗಳು ಇಂದಿಗೂ ಇವೆ. ಕಡಲಿನ ಕಾನೂನಿನ ಮಾತನ್ನು ಅಲ್ಲಿಂದಲೇ ಶುರು ಮಾಡಬಹುದು. ಏಕೆಂದರೆ ಯುರೋಪಿನ ರಾಜರು ಒಂದು ಕಾಲಕ್ಕೆ ತಮ್ಮ ಪಾಲಿನ ಕಡಲನ್ನು ಅಳೆದದ್ದು ತೋಪಿನಿಂದ. ದಡದಲ್ಲಿ ನಿಲ್ಲಿಸಿದ ತೋಪಿನ ಗುಂಡು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ರಾಜನ ಆಳ್ವಿಕೆ, ಅದರಾಚೆಯ ನೀರು ಯಾರದ್ದೂ ಅಲ್ಲ. ಬರುಬರುತ್ತಾ ಇದು ಮೂರು ನಾಟಿಕಲ್ ಮೈಲಿ ಎಂಬ ಲೆಕ್ಕಕ್ಕೆ ಬಂದು ನಿಂತಿತು. ಒಂದು ನಾಟಿಕಲ್ ಮೈಲಿಗೆ 1,852 ಮೀಟರ್. ಮೂರಕ್ಕೆ ಐದೂವರೆ ಕಿಲೋಮೀಟರ್. ಕೋಟೆಯಿಂದ ನಾರಾಯಣಪುರದ ಚಾಲುಕ್ಯರ ಕಾಲದ ಶಿವಾಲಯ ಇರುವುದು ಈ ದೂರದೊಳಗೇ. ಸ್ವಾತಂತ್ರ್ಯ ಬಂದು ಎಂಟು ವರ್ಷ ಕಳೆದರೂ ಭಾರತದ ಕಡಲಿನ ಅಗಲ ಅಷ್ಟೇ ಇತ್ತು. 1956ರಲ್ಲಿ ಅದು ಆರು ಮೈಲಿಯಾಯಿತು, 1967ರಲ್ಲಿ ಹನ್ನೆರಡು.

ಹನ್ನೆರಡು ನಾಟಿಕಲ್ ಮೈಲಿ ಎಂದರೆ 22 ಕಿ.ಮೀ. ಚಿಲ್ಲರೆ. ರಸ್ತೆಯ ತಿರುವುಗಳನ್ನು ಬಿಟ್ಟು ನೇರ ಗೆರೆ ಎಳೆದರೆ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೆಚ್ಚು ಕಡಿಮೆ ಇಷ್ಟೇ ದೂರ. ದೇಶವೊಂದು ಪೂರ್ತಿ ತನ್ನದೆಂದು ಹೇಳಿಕೊಳ್ಳಬಹುದಾದ ಕಡಲು ಇಷ್ಟೇ. ಈ ಲೆಕ್ಕವನ್ನು ಜಗತ್ತಿಗೆಲ್ಲ ಒಂದೇ ಮಾಡಿದ್ದು 1982ರ ಡಿಸೆಂಬರ್ 10ರಂದು ಜಮೈಕಾದ ಮಾಂಟೆಗೋ ಬೇಯಲ್ಲಿ ಸಹಿಯಾದ ವಿಶ್ವಸಂಸ್ಥೆಯ ಕಡಲ ಕಾನೂನು ಒಪ್ಪಂದ. ಅದು ಜಾರಿಗೆ ಬಂದದ್ದು 1994ರಲ್ಲಿ, ಭಾರತ ಅನುಮೋದಿಸಿದ್ದು 1995ರಲ್ಲಿ. ನಮ್ಮ ದೇಶ ಅದಕ್ಕೂ ಮೊದಲೇ, 1976ರಲ್ಲಿಯೇ, ತನ್ನದೇ ಕಾಯ್ದೆ ಮಾಡಿಕೊಂಡಿತ್ತು.

ಅಳತೆ ಶುರುವಾಗುವುದು ನೀರು ಇಳಿದಾಗ ಕಾಣುವ ದಡದ ಅಂಚಿನಿಂದ. ಅಲ್ಲಿಂದ ಹನ್ನೆರಡು ಮೈಲಿಯೊಳಗೆ ನೀರು, ತಳ, ಮೇಲಿನ ಆಕಾಶ ಎಲ್ಲ ದೇಶದ್ದೇ. ಆದರೂ ಪರದೇಶದ ಹಡಗು ತಂಟೆ ಮಾಡದೆ ಹಾದುಹೋಗುವುದಾದರೆ ತಡೆಯುವಂತಿಲ್ಲ. ಜಲಾಂತರ್ಗಾಮಿಯಾದರೆ ಮೇಲೆ ಬಂದು ಬಾವುಟ ತೋರಿಸಿಕೊಂಡೇ ಹೋಗಬೇಕು.

ಇಲ್ಲಿ ಹೊಲ ಇದ್ದವರಿಗೆ ಒಂದು ಗೊಂದಲ ಆಗುವುದು ಸಹಜ. ಹೊಲಕ್ಕೆ ಪಹಣಿ ಇರುತ್ತದೆ, ಬಾಂದು ಕಲ್ಲಿನ ಈಚೆಗೆ ನಮ್ಮದು, ಆಚೆಗೆ ಪಕ್ಕದವರದು. ಕಡಲಿನಲ್ಲಿ ಹಾಗಲ್ಲ. ದಡದಿಂದ ದೂರ ಹೋದಂತೆಲ್ಲ ಹಕ್ಕು ತೆಳುವಾಗುತ್ತದೆ, ಒಮ್ಮೆಗೇ ಮುಗಿಯುವುದಿಲ್ಲ. ಹನ್ನೆರಡರಿಂದ ಇಪ್ಪತ್ನಾಲ್ಕು ಮೈಲಿಯವರೆಗೆ ಕಸ್ಟಮ್ಸ್, ವಲಸೆ, ಆರೋಗ್ಯದಂಥ ಕೆಲವು ವಿಷಯಗಳಲ್ಲಿ ಮಾತ್ರ ತಡೆದು ತಪಾಸಣೆ ಮಾಡಬಹುದು. ಇನ್ನೂರು ಮೈಲಿಯವರೆಗೆ ಮೀನು, ತೈಲ, ಅನಿಲ, ಖನಿಜ ನಮ್ಮವು. ಹಡಗಿನ ದಾರಿ ಮಾತ್ರ ಎಲ್ಲರದು. ಇದಕ್ಕೆ ವಿಶೇಷ ಆರ್ಥಿಕ ವಲಯ ಎಂದು ಹೆಸರು. ಇನ್ನೂರು ಮೈಲಿ ಎಂದರೆ 370 ಕಿ.ಮೀ.; ಬಸವಕಲ್ಯಾಣದಿಂದ ನೇರ ಪಶ್ಚಿಮಕ್ಕೆ ಹೊರಟರೆ ಮಹಾಬಳೇಶ್ವರದ ಘಟ್ಟ ಇಳಿದು ಕೊಂಕಣ ಸೇರುವಷ್ಟು ದೂರ.

ಮಲ್ಪೆಯಿಂದ ನೈಋತ್ಯಕ್ಕೆ ಹೋದರೆ ಇನ್ನೂರಕ್ಕೂ ಮುಗಿಯುವುದಿಲ್ಲ. ನಡುವೆ ಲಕ್ಷದ್ವೀಪ ಇದೆ. ಅಲ್ಲಿಂದ ಮತ್ತೆ ಇನ್ನೂರು ಮೈಲಿಯ ಲೆಕ್ಕ ಹೊಸದಾಗಿ ಶುರು. ಕೆಲವೇ ಸಾವಿರ ಜನರಿರುವ ಸಣ್ಣ ದ್ವೀಪಗಳು ಸಮುದ್ರದಲ್ಲಿ ಎಷ್ಟು ಬೆಲೆ ಬಾಳುತ್ತವೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಮೀನುಗಾರರಿಗೆ ಹನ್ನೆರಡು ಮೈಲಿಯ ಗೆರೆ ದಿನದ ವ್ಯವಹಾರ. ಸಂವಿಧಾನದ ಪ್ರಕಾರ ಮೀನುಗಾರಿಕೆ ರಾಜ್ಯದ ವಿಷಯ, ಆದರೆ ಪ್ರಾದೇಶಿಕ ಜಲದಾಚೆಯ, ಅಂದರೆ ಹನ್ನೆರಡು ಮೈಲಿಯಾಚೆಯ, ಮೀನುಗಾರಿಕೆ ಕೇಂದ್ರದ್ದು. ಹಾಗಾಗಿ ಒಂದೇ ಬೋಟಿಗೆ ಬೆಳಿಗ್ಗೆ ಕರ್ನಾಟಕದ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ, ಮಧ್ಯಾಹ್ನದ ಹೊತ್ತಿಗೆ ಕೇಂದ್ರದ ಆದೇಶ. ಎಲ್‌ಇಡಿ ದೀಪ ಹಾಕಿ ಮೀನು ಹಿಡಿಯುವುದನ್ನೂ ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ 2017ರ ನವೆಂಬರಿನಲ್ಲಿ ನಿಷೇಧಿಸಿದ್ದು ಕೇಂದ್ರ, ಅದೂ ಆರ್ಥಿಕ ವಲಯದಲ್ಲಿ. ಮಳೆಗಾಲದ 61 ದಿನಗಳ ರಜೆ, ಅಂದರೆ ಜೂನ್ 1ರಿಂದ ಜುಲೈ 31ರವರೆಗೆ, ಎರಡೂ ಕಡೆ ಒಂದೇ, ಅಷ್ಟರಮಟ್ಟಿಗೆ ನೆಮ್ಮದಿ.

ಗೆರೆಯ ಯಾವ ಕಡೆ ಇದ್ದೇವೆ ಎಂಬುದು ಎಷ್ಟು ದೊಡ್ಡ ವಿಷಯವಾಗಬಲ್ಲದು ಎನ್ನುವುದಕ್ಕೆ ನೆರೆಯ ಕೇರಳದ ಪ್ರಕರಣ ನೋಡಬೇಕು. 2012ರ ಫೆಬ್ರವರಿ 15ರಂದು ಇಟಲಿಯ ತೈಲ ಹಡಗು ಎನ್ರಿಕಾ ಲೆಕ್ಸಿಯ ಮೇಲಿದ್ದ ನೌಕಾ ಸೈನಿಕರು ಮೀನುಗಾರರ ದೋಣಿಗೆ ಗುಂಡು ಹಾರಿಸಿದರು. ಕಡಲ್ಗಳ್ಳರು ಎಂದುಕೊಂಡೆವು ಎಂಬುದು ಅವರ ವಾದ. ಇಬ್ಬರು ಮೀನುಗಾರರು ಸತ್ತರು. ಕೇರಳ ಪೊಲೀಸರು ಇಬ್ಬರು ಸೈನಿಕರನ್ನು ಬಂಧಿಸಿದರು. ಆದರೆ ಘಟನೆ ನಡೆದದ್ದು ದಡದಿಂದ ಸುಮಾರು ಇಪ್ಪತ್ತೂವರೆ ಮೈಲಿ ದೂರದಲ್ಲಿ. ಹನ್ನೆರಡು ದಾಟಿದೆ, ಇಪ್ಪತ್ನಾಲ್ಕು ದಾಟಿಲ್ಲ. ಅಲ್ಲಿ ಕೇರಳಕ್ಕೆ ಅಧಿಕಾರವಿಲ್ಲ, ವಿಚಾರಣೆಯ ಹಕ್ಕು ಕೇಂದ್ರಕ್ಕೆ ಎಂದು 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಟಲಿ ಸುಮ್ಮನಿರಲಿಲ್ಲ. ವ್ಯಾಜ್ಯ ಹ್ಯಾಂಬರ್ಗಿನಲ್ಲಿರುವ ಕಡಲ ಕಾನೂನು ನ್ಯಾಯಮಂಡಳಿಗೆ, ಅಲ್ಲಿಂದ ಹೇಗ್‌ನ ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಹೋಯಿತು. 2020ರ ತೀರ್ಪು ಎರಡು ಮುಖದ್ದು: ಸೈನಿಕರು ಇಟಲಿ ಸರ್ಕಾರದ ಕೆಲಸದಲ್ಲಿದ್ದವರು, ಅವರನ್ನು ಭಾರತ ವಿಚಾರಣೆ ಮಾಡುವಂತಿಲ್ಲ, ಆದರೆ ಭಾರತದ ದೋಣಿಯ ಸಂಚಾರ ಸ್ವಾತಂತ್ರ್ಯಕ್ಕೆ ಇಟಲಿ ಧಕ್ಕೆ ತಂದಿದೆ, ಪರಿಹಾರ ಕೊಡಬೇಕು. ಇಟಲಿ ಹತ್ತು ಕೋಟಿ ರೂಪಾಯಿ ಕಟ್ಟಿತು. ಸತ್ತವರ ಕುಟುಂಬಗಳಿಗೆ ತಲಾ ನಾಲ್ಕು ಕೋಟಿ, ದೋಣಿಯ ಮಾಲೀಕರಿಗೆ ಎರಡು ಕೋಟಿ. 2021ರ ಜೂನ್ 15ಕ್ಕೆ ಸುಪ್ರೀಂ ಕೋರ್ಟ್ ಪ್ರಕರಣ ಮುಗಿಸಿತು. ಒಂಬತ್ತು ವರ್ಷ ಎಳೆದಾಡಿದ್ದರಲ್ಲಿ ಬಹುಪಾಲು ಕಾಲ ಹೋದದ್ದು ಯಾರು ಕೊಂದರು ಎಂಬುದಕ್ಕಲ್ಲ, ಯಾರು ವಿಚಾರಣೆ ಮಾಡಬೇಕು ಎಂಬುದಕ್ಕೆ.

ಹಡಗು ಮುಳುಗಿದರೆ ನಷ್ಟ ಯಾರದ್ದು? 2022ರ ಜೂನಿನಲ್ಲಿ ಉಳ್ಳಾಲದ ಹತ್ತಿರ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಉಕ್ಕಿನ ಸುರುಳಿಗಳನ್ನು ಹೊತ್ತುಕೊಂಡೇ ಮುಳುಗಿತು. ಚೀನಾದಿಂದ ಲೆಬನಾನಿಗೆ ಹೊರಟಿತ್ತು. ಅದರಲ್ಲಿದ್ದ 15 ಮಂದಿ ಸಿರಿಯಾದವರನ್ನು ಕರಾವಳಿ ಕಾವಲು ಪಡೆ ಕಾಪಾಡಿತು. ಇಂಥ ಹಡಗಿನ ಅವಶೇಷ ತೆಗೆಯುವ ಹೊಣೆ ಮಾಲೀಕರದು ಎಂದು 2007ರ ನೈರೋಬಿ ಒಪ್ಪಂದ ಹೇಳುತ್ತದೆ. 300 ಟನ್ನೇಜಿಗೆ ಮೇಲ್ಪಟ್ಟ ಹಡಗಿಗೆ ಅದಕ್ಕಾಗಿಯೇ ವಿಮೆ ಇರಬೇಕು. ಮಾಲೀಕರು ಕೈಯೆತ್ತಿದರೆ ಕರಾವಳಿಯ ದೇಶವೇ ತೆಗೆಸಿ ಖರ್ಚು ವಸೂಲಿ ಮಾಡಬಹುದು. ಕಾಗದದ ಮೇಲೆ ಚೆನ್ನಾಗಿದೆ. ಮಾಲೀಕರು ಒಂದು ದೇಶದಲ್ಲಿ, ಕಂಪನಿ ಇನ್ನೊಂದರಲ್ಲಿ, ಬಾವುಟ ಮೂರನೆಯದರಲ್ಲಿ ಇದ್ದರೆ ವಸೂಲಿ ಎಷ್ಟು ಕಷ್ಟ ಎಂದು ಹೇಳಬೇಕಾಗಿಲ್ಲ. ಕಡಲೇ ಇಲ್ಲದ ಮಂಗೋಲಿಯಾ ಕೂಡ ಹಡಗುಗಳಿಗೆ ತನ್ನ ಬಾವುಟ ಕೊಡುತ್ತದೆ, 1982ರ ಒಪ್ಪಂದ ಅದಕ್ಕೆ ಅಡ್ಡಿ ಮಾಡುವುದಿಲ್ಲ.

ಆದ್ದರಿಂದ ಹಣ ಬರಬೇಕಾದವರು ಮಾಲೀಕರನ್ನು ಹುಡುಕಿಕೊಂಡು ಹೋಗುವುದಿಲ್ಲ, ಹಡಗನ್ನೇ ಹಿಡಿಯುತ್ತಾರೆ. 2017ರ ನೌಕಾ ವ್ಯಾಪ್ತಿ ಕಾಯ್ದೆ ಈ ಅಧಿಕಾರವನ್ನು ಕೆಲವೇ ಹೈಕೋರ್ಟುಗಳಿಗೆ ಕೊಟ್ಟಿದೆ. ಕರ್ನಾಟಕ ಹೈಕೋರ್ಟ್ ಅವುಗಳಲ್ಲಿ ಒಂದು. ಕಲಬುರಗಿಯಲ್ಲಿ ಪೀಠವಿರುವ ಅದೇ ಹೈಕೋರ್ಟ್, ನವಮಂಗಳೂರು ಬಂದರಿನಲ್ಲಿ ನಿಂತ ಪರದೇಶದ ಹಡಗನ್ನು ಜಪ್ತಿ ಮಾಡಿಸಬಲ್ಲದು. ಮಾಲೀಕರು ಭದ್ರತೆ ಕೊಟ್ಟರೆ ಹಡಗು ಬಿಡುಗಡೆ, ಇಲ್ಲದಿದ್ದರೆ ಹರಾಜು. ಬಂದ ಹಣದಲ್ಲಿ ಮುಂಚೂಣಿಯಲ್ಲಿ ನಿಲ್ಲುವುದು ನಾವಿಕರ ಬಾಕಿ ಸಂಬಳ. ಕಡಲ ಕಾನೂನಿನಲ್ಲಿ ನನಗೆ ತುಂಬ ಇಷ್ಟವಾಗುವ ನಿಯಮ ಇದೇ.

1982ರ ಒಪ್ಪಂದಕ್ಕೆ ಸೇರದೆ ಹೊರಗೇ ಉಳಿದ ದೊಡ್ಡ ದೇಶ ಅಮೆರಿಕ. 2021ರ ಏಪ್ರಿಲ್ 7ರಂದು ಅದರ ಯುದ್ಧನೌಕೆ ಲಕ್ಷದ್ವೀಪದ ಪಶ್ಚಿಮಕ್ಕೆ ಸುಮಾರು 130 ಮೈಲಿ ದೂರದಲ್ಲಿ, ನಮ್ಮ ಆರ್ಥಿಕ ವಲಯದೊಳಗೆ, ಭಾರತವನ್ನು ಕೇಳದೆ ಸಂಚರಿಸಿತು; ಕೇಳಲಿಲ್ಲ ಎಂದು ಬಹಿರಂಗವಾಗಿಯೇ ಹೇಳಿತು. ಅಲ್ಲಿ ಸೇನಾ ಕಸರತ್ತಿಗೆ ಮೊದಲೇ ಒಪ್ಪಿಗೆ ಬೇಕು ಎನ್ನುವುದು ಭಾರತದ ನಿಲುವು, ಬೇಡ ಎನ್ನುವುದು ಅಮೆರಿಕದ್ದು. ಭಾರತ ಆಕ್ಷೇಪ ತಿಳಿಸಿತು, ಮಾತು ಅಲ್ಲಿಗೆ ನಿಂತಿತು.

ಎಲ್ಲ ಗೆರೆಗಳ ಆಚೆಗೆ ಎಲ್ಲರ ಕಡಲು. ಅದರ ತಳದ ಖನಿಜವನ್ನು ಜಮೈಕಾದ ಕಿಂಗ್‌ಸ್ಟನ್ನಿನಲ್ಲಿರುವ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರ ನೋಡಿಕೊಳ್ಳುತ್ತದೆ. ಹಿಂದೂ ಮಹಾಸಾಗರದ ನಡುವೆ 75,000 ಚದರ ಕಿ.ಮೀ. ಜಾಗದಲ್ಲಿ ಲೋಹದ ಗಂಟುಗಳನ್ನು ಹುಡುಕುವ ಒಪ್ಪಂದ ಭಾರತಕ್ಕಿದೆ. ಈ ಎಲ್ಲರ ಕಡಲಿನ ಜೀವರಾಶಿಗೆ ರಕ್ಷಣೆ ಕೊಡುವ ಒಪ್ಪಂದ 2023ರಲ್ಲಿ ಆಯಿತು, 2024ರ ಸೆಪ್ಟೆಂಬರಿನಲ್ಲಿ ಭಾರತವೂ ಸಹಿ ಹಾಕಿತು.

ಬೀದರ್ ಜಿಲ್ಲೆಗೆ ಇದರಲ್ಲಿ ಏನು ಪಾಲು ಎಂದರೆ, ಸಂವಿಧಾನದ 297ನೆಯ ವಿಧಿ ನೋಡಬೇಕು. ಕಡಲ ತಳದ ಸಂಪತ್ತು ಒಕ್ಕೂಟದ್ದು, ಕರಾವಳಿಯ ರಾಜ್ಯಗಳದ್ದಲ್ಲ. ಅದರಲ್ಲಿ ಉಡುಪಿಯವರಿಗೆ ಇರುವಷ್ಟೇ ಹಕ್ಕು ನಾರಾಯಣಪುರದವರಿಗೂ ಇದೆ. ಹೊಣೆಯೂ ಇದೆ. ನೆಲದಿಂದ, ನದಿಗಳಿಂದ ಕಡಲಿಗೆ ಸೇರುವ ಮಾಲಿನ್ಯವನ್ನು ತಡೆಯಲು ದೇಶಗಳು ಕಾನೂನು ಮಾಡಬೇಕು ಎಂದು 1982ರ ಒಪ್ಪಂದದ 207ನೆಯ ವಿಧಿ ಹೇಳುತ್ತದೆ. ಬಸವಕಲ್ಯಾಣ ತಾಲೂಕಿನ ಮುಲ್ಲಾಮಾರಿ ಕಾಗಿಣಾ ಸೇರಿ, ಭೀಮೆಯ ಮೂಲಕ ಕೃಷ್ಣೆಗೆ, ಅಲ್ಲಿಂದ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆದರೆ ಎಷ್ಟು ತಡೆಯಬೇಕು, ತಡೆಯದಿದ್ದರೆ ಏನು ಶಿಕ್ಷೆ ಎಂದು ಆ ವಿಧಿಯಲ್ಲಿಲ್ಲ. ಪ್ಲಾಸ್ಟಿಕ್ಕಿಗಾದರೂ ಬೇರೆ ಒಪ್ಪಂದ ಆಗಲಿ ಎಂದು 2025ರ ಆಗಸ್ಟಿನಲ್ಲಿ ಜಿನೀವಾದಲ್ಲಿ ದೇಶಗಳು ಸೇರಿದವು, ಒಮ್ಮತವಿಲ್ಲದೆ ಎದ್ದವು. ಸದ್ಯಕ್ಕೆ ಈ ಕೆಲಸ ಬಸವಕಲ್ಯಾಣದ ನಗರಸಭೆಯಂಥ ಸ್ಥಳೀಯ ಸಂಸ್ಥೆಗಳದ್ದು, ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು.