ಹಿಮ ಹೊತ್ತ ಮರಗಳು

ಮುಂಬಯಿಯ ಮಾಗಿಯನ್ನಷ್ಟೇ ಬಲ್ಲ ನಮಗೆ, ಮರವೊಂದು ಒಂದೇ ರಾತ್ರಿಯಲ್ಲಿ ಬೆಳ್ಳಗಾಗುವುದೆಂದರೆ ಕಥೆಯಂತೆ ತೋರುವುದು. ಕಾಶ್ಮೀರದ ಮಕ್ಕಳಿಗಾದರೋ ಅದು ಕಣ್ಣೆದುರಿನ ನೋಟ. ಡಿಸೆಂಬರ್ 21ರಿಂದ ಮೊದಲಾಗುವ 40 ದಿನಗಳ ಕಡುಚಳಿಯನ್ನು ಅಲ್ಲಿಯವರು ‘ಚಿಲ್ಲಾಯ್ ಕಲಾನ್’ ಎನ್ನುತ್ತಾರೆ.

ಈ ಬಿಳುಪು ಎರಡು ಬಗೆಯದು. ಒಂದು, ಮೋಡದಲ್ಲಿಯೇ ಹರಳುಗಟ್ಟಿ ಸುರಿಯುವ ಹಿಮ. ಅದು ಕೊಂಬೆಗಳ ಮೇಲೆ ಹಿಂಜಿದ ಅರಳೆಯಂತೆ ಕೂಡುತ್ತದೆ. ಇನ್ನೊಂದು ಮೇಲಿಂದ ಬೀಳುವುದೇ ಇಲ್ಲ. ಮುಗಿಲಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ರೆಂಬೆಯು ತನ್ನ ಶಾಖವನ್ನು ಬಾನಿಗೆ ಬಿಟ್ಟುಕೊಟ್ಟು 0 ಡಿಗ್ರಿಗಿಂತಲೂ ತಣ್ಣಗಾದಾಗ, ಗಾಳಿಯಲ್ಲಿರುವ ನೀರಾವಿಯು ನೀರಾಗದೆ ನೇರವಾಗಿ ಹರಳಾಗಿ ಅಲ್ಲಿಯೇ ಮೊಳೆಯುತ್ತದೆ. ಆದುದರಿಂದಲೇ ಅದು ಕಡ್ಡಿಯ ಅಡಿಯಲ್ಲಿಯೂ ಕಾಣುವುದು. ನಮ್ಮ ಇಬ್ಬನಿಯ ಒಡಹುಟ್ಟು ಎನ್ನೋಣ. ಹರಳು ಗಾಜಿನಂತೆ ತಿಳಿಯಾದುದು, ಬಿಳುಪೆಲ್ಲಿಯದು ಎಂದು ನೀವು ಕೇಳಬಹುದು. ಕಲ್ಲುಸಕ್ಕರೆಯನ್ನು ಕುಟ್ಟಿ ನೋಡಿರಿ! ನೂರಾರು ಸಣ್ಣ ಮೈಗಳಿಂದ ಬೆಳಕು ಚದರಿ ಪುಡಿಯು ಬೆಳ್ಳಗಾಗುವುದು.

ಈ ಚೆಲುವಿಗೆ ತೂಕವೂ ಉಂಟು. ಚಿನಾರ್, ಸೇಬು ಮುಂತಾದ ಮರಗಳು ಕಡುಚಳಿಗೆ ಮೊದಲೇ ಎಲೆಯುದುರಿಸಿ ನಿಲ್ಲುತ್ತವೆ. ಹಿಮವು ತಂಗಲು ಬರಿಗೊಂಬೆಯಲ್ಲಿ ಎಡೆ ಕಡಿಮೆ. ಆದರೆ 2018ರ ನವೆಂಬರಿನ ಮೊದಲ ವಾರದಲ್ಲಿಯೇ ಹಿಮ ಬಂದಿತು. ನಮ್ಮ ಪೇಟೆಗೂ ಹಣ್ಣು ಕಳಿಸುವ ಆ ಸೇಬಿನ ತೋಟಗಳಲ್ಲಿ ಎಲೆಗಳಿನ್ನೂ ಉದುರಿರಲಿಲ್ಲ. ಒಂದೊಂದೆಲೆಯೂ ಅಂಗೈಯಂತೆ ಹಿಮವನ್ನು ಹಿಡಿಯಿತು. ಕೊಂಬೆಗಳು ಮುರಿದವು, ಎಷ್ಟೋ ಮರಗಳು ನಡುವೆಯೇ ಸೀಳಿದವು. ಹೊಸ ಸಸಿ ನೆಟ್ಟ ರೈತನು ಫಲಕ್ಕಾಗಿ ವರ್ಷಗಟ್ಟಲೆ ಕಾಯಬೇಕು. 2019ರ ನವೆಂಬರಿನಲ್ಲಿ ಮತ್ತೆ ಹಾಗೆಯೇ ಆಯಿತು.