ಎರಡು ಸಲ ಒತ್ತಿದರೂ ಅರ್ಜಿ ಒಂದೇ ಆಗಬೇಕು

ಕಳೆದ ವರ್ಷ ಆಪಾಳ ಪರೀಕ್ಷೆ ಅರ್ಜಿಯನ್ನು ಚೋರನೂರಿನ ನಮ್ಮ ಮನೆಯಲ್ಲಿ ಕುಳಿತು ಅಬ್ಬಾರ ಮೊಬೈಲಿನಲ್ಲಿ ನಾನೇ ತುಂಬಿದೆ. ಶುಲ್ಕ 600 ರೂಪಾಯಿ. ಸಬ್ಮಿಟ್ ಒತ್ತಿದೆ. ಚಕ್ರ ತಿರುಗುತ್ತಲೇ ಇತ್ತು. ನೆಟ್‌ವರ್ಕ್ ಹೋಯಿತೇನೋ ಎಂದು ಮತ್ತೆ ಒತ್ತಿದೆ. ಎರಡು ಅರ್ಜಿ ನಂಬರ್ ಬಂದವು, ಖಾತೆಯಿಂದ 1,200 ರೂಪಾಯಿ ಹೋಯಿತು. "ಇಷ್ಟು ಅವಸರ ಯಾಕೆ ಮಾಡಿದೆ?" ಎಂದರು ಅಬ್ಬಾ. ಅದು ಅವರು ದುಡಿದ ಹಣ. ವಾಪಸ್ ಬರಲು ಮೂರು ವಾರ ಬೇಕಾಯಿತು. ತಪ್ಪೆಲ್ಲ ನನ್ನದೇ ಎಂದುಕೊಂಡಿದ್ದೆ. ಇದರ ಬಗ್ಗೆ ಓದಿದ ಮೇಲೆ ಹಾಗಲ್ಲ ಎಂದು ತಿಳಿಯಿತು.

ನಾವು ಸಬ್ಮಿಟ್ ಒತ್ತಿದಾಗ ಅರ್ಜಿ ಸರ್ವರಿಗೆ ಹೋಗುತ್ತದೆ. ಸರ್ವರ್ ಅದನ್ನು ಬರೆದುಕೊಂಡು "ಸ್ವೀಕರಿಸಿದೆ" ಎಂದು ಉತ್ತರ ಕಳಿಸುತ್ತದೆ. ನೆಟ್‌ವರ್ಕ್ ಕೆಟ್ಟರೆ ಹೋಗುವಾಗ ಅರ್ಜಿ ಕಳೆಯಬಹುದು, ಬರುವಾಗ ಉತ್ತರ ಕಳೆಯಬಹುದು. ಎರಡರಲ್ಲೂ ನಮಗೆ ಕಾಣುವುದು ತಿರುಗುವ ಚಕ್ರ ಮಾತ್ರ. ಹಾಗಾಗಿ ಜನ ಮತ್ತೆ ಒತ್ತುವುದು ಸಹಜ. ವೆಬ್‌ಸೈಟ್ ಮಾಡುವವರು ಇದನ್ನು ಮೊದಲೇ ಯೋಚಿಸಬೇಕು. ಅದಕ್ಕೆ ಮೂರು ಉಪಾಯಗಳಿವೆ.

ಮೊದಲನೆಯದು, ಒಮ್ಮೆ ಒತ್ತಿದ ಕೂಡಲೇ ಬಟನ್ ಕೆಲಸ ಮಾಡದಂತೆ ನಿಲ್ಲಿಸುವುದು. ಇದು ಸುಲಭ. ಆದರೆ ಪುಟವನ್ನು ಮತ್ತೆ ತೆರೆದರೆ ಬಟನ್ ಪುನಃ ಜೀವಂತ.

ಎರಡನೆಯದು, ಅರ್ಜಿ ಸ್ವೀಕರಿಸಿದ ಮೇಲೆ ಬ್ರೌಸರನ್ನು ಬೇರೆ ರಸೀದಿ ಪುಟಕ್ಕೆ ಕಳಿಸುವುದು. ಆಗ ರಿಫ್ರೆಶ್ ಮಾಡಿದರೆ ರಸೀದಿ ಮತ್ತೆ ಕಾಣುತ್ತದೆಯೇ ಹೊರತು ಅರ್ಜಿ ಮತ್ತೆ ಹೋಗುವುದಿಲ್ಲ. ಆದರೆ ಉತ್ತರ ಬರುವ ಮೊದಲೇ ಎರಡು ಸಲ ಒತ್ತಿದವರಿಗೆ ಇದರಿಂದ ಉಪಯೋಗವಿಲ್ಲ.

ಮೂರನೆಯದೇ ಗಟ್ಟಿ. ಫಾರ್ಮ್ ತೆರೆದಾಗಲೇ ಅದಕ್ಕೊಂದು ಗುಪ್ತ ನಂಬರ್ ಕೊಡುವುದು. ಅದೇ ನಂಬರ್ ಎರಡನೇ ಸಲ ಬಂದರೆ ಸರ್ವರ್ ಹೊಸ ಅರ್ಜಿ ಮಾಡದೆ ಹಳೆಯ ರಸೀದಿಯನ್ನೇ ಕೊಡುತ್ತದೆ. ಒಂದು ನಂಬರಿಗೆ ಒಂದೇ ಸಾಲು ಎಂಬ ನಿಯಮ ಡೇಟಾಬೇಸಿನಲ್ಲೇ ಇರಬೇಕು. ಇಲ್ಲದಿದ್ದರೆ ಎರಡು ಅರ್ಜಿಗಳು ಒಂದೇ ಕ್ಷಣ ಬಂದಾಗ, ಎರಡಕ್ಕೂ "ಹಿಂದೆ ಬಂದಿಲ್ಲ" ಎಂದೇ ಕಂಡು ಎರಡೂ ಒಳಗೆ ಹೋಗುತ್ತವೆ.

ಕಾಮರ್ಸ್ ಗೆಳೆಯರಿಗೆ ಇದು ಹೊಸದಲ್ಲ. ಒಂದೇ ವ್ಯವಹಾರವನ್ನು ಜರ್ನಲ್‌ನಲ್ಲಿ ಎರಡು ಸಲ ಬರೆದರೆ ಡೆಬಿಟ್, ಕ್ರೆಡಿಟ್ ಎರಡೂ ಸಮನಾಗಿ ಹೆಚ್ಚುತ್ತವೆ. ಟ್ರಯಲ್ ಬ್ಯಾಲೆನ್ಸ್ ಸರಿಯಾಗಿ ತಾಳೆಯಾಗುತ್ತದೆ, ತಪ್ಪು ಮಾತ್ರ ಒಳಗೇ ಇರುತ್ತದೆ. ಅದನ್ನು ಹಿಡಿದುಕೊಡುವುದು ವೋಚರ್ ನಂಬರ್. ಆ ಗುಪ್ತ ನಂಬರ್ ಕೂಡ ವೋಚರ್ ನಂಬರ್ ಇದ್ದಂತೆ.

ವೆಬ್‌ಸೈಟ್ ಸರಿಯಿಲ್ಲದಿದ್ದರೆ ನಾವೇನು ಮಾಡಬೇಕು? ಮತ್ತೆ ಒತ್ತುವ ಮೊದಲು ಬ್ಯಾಂಕಿನ ಮೆಸೇಜ್ ಮತ್ತು ಅರ್ಜಿಯ ಸ್ಥಿತಿ ನೋಡಿ. ಯುಪಿಐ ಪಾವತಿಯ 12 ಅಂಕಿಯ ನಂಬರ್ ಬರೆದಿಟ್ಟುಕೊಳ್ಳಿ. ವಿಫಲವಾದ ಪಾವತಿಯ ಹಣ ತಡವಾಗಿ ಮರಳಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿದೆ. ಆದರೆ ನನ್ನ ಎರಡೂ ಪಾವತಿಗಳು ಸಫಲವಾಗಿದ್ದವು. ಅಂಥ ಹಣವನ್ನು ಪಡೆದವರ ಬಳಿಯೇ ಕೇಳಿ ವಾಪಸ್ ತರಬೇಕು. ಆಗ ಆ ನಂಬರೇ ಸಾಕ್ಷಿ.

ನಮ್ಮಲ್ಲಿ ಕೆಲವರು ಮುಂದೆ ವೆಬ್‌ಸೈಟ್ ಮಾಡಬಹುದು. ಅವರಲ್ಲಿ ನನ್ನದೊಂದು ಕೋರಿಕೆ: "ಎರಡು ಸಲ ಒತ್ತಬೇಡಿ" ಎಂದು ಕೆಂಪಕ್ಷರದಲ್ಲಿ ಬರೆದು ಸುಮ್ಮನಾಗಬೇಡಿ. ಒತ್ತಿದರೂ ಯಾರ ಅಬ್ಬಾರ ಹಣವೂ ಎರಡು ಸಲ ಹೋಗದಂತೆ ಮಾಡಿ.